ಪಲ್ವಂಕರ್ ಬಾಲೂ: ಧಾರವಾಡದಲ್ಲಿ ಹುಟ್ಟಿದ ಕ್ರಿಕೆಟ್ ವೀರ, ಅಂಬೇಡ್ಕರರ ಎದುರಾಳಿ

ಕೋಲ್ಕತ್ತದಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಕ್ರಿಕೆಟ್ ಎಂದೊಡನೆ ಈಡನ್ ಗಾರ್ಡನ್ಸ್ ಕಣ್ಣಮುಂದೆ ಬರುತ್ತದೆ. 1974ರ ಡಿಸೆಂಬರ್ ಕೊನೆಯಲ್ಲಿ ಆರಂಭವಾದ ಟೆಸ್ಟಿನಲ್ಲಿ ಗುಂಡಪ್ಪ ವಿಶ್ವನಾಥ್ ಗಳಿಸಿದ 139, 2001ರ ಮಾರ್ಚಿನಲ್ಲಿ ರಾಹುಲ್ ದ್ರಾವಿಡ್ ಗಳಿಸಿದ 180 ಟಾಲಿಗಂಜಿನ ನಮ್ಮ ಮನೆಗಳಲ್ಲಿ ಇಂದಿಗೂ ಮಾತಿಗೆ ಬರುತ್ತವೆ. ಆದರೆ ಈಗಿನ ಮಕ್ಕಳು ರನ್ನು, ವಿಕೆಟ್ಟುಗಳ ಲೆಕ್ಕಕ್ಕೆ ನಿಲ್ಲುವವರಲ್ಲ. ಆಟಗಾರನ ರಾಜಕೀಯ ನಿಲುವು ನಮಗೆ ಒಪ್ಪಿಗೆಯಾಗದಿದ್ದಾಗ ಅವನನ್ನು ಮೆಚ್ಚಬಹುದೇ ಎಂದೂ ಅವರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ, ನೂರು ವರ್ಷಗಳ ಹಿಂದೆ ಭಾರತದ ಅತಿ ಶ್ರೇಷ್ಠ ಬೌಲರ್ ಎನಿಸಿದ್ದ ಪಲ್ವಂಕರ್ ಬಾಲೂ ಅವರ ಬದುಕನ್ನು ನಾವು ಅರಿಯಬೇಕಾಗುತ್ತದೆ.

ಬಾಲೂ ಅವರು 1870ರ ದಶಕದ ನಡುವಿನಲ್ಲಿ ನಮ್ಮ ಧಾರವಾಡದಲ್ಲಿ ಜನಿಸಿದರು. ಕುಟುಂಬದ ಮೂಲ ಕೊಂಕಣ ಸೀಮೆ. ಮನೆತನದ ಹೆಸರು ಅಲ್ಲಿನ ಪಾಲವಣ ಎಂಬ ಹಳ್ಳಿಯಿಂದ ಬಂದದ್ದು. ಆದ್ದರಿಂದ ಭಾಷೆಯ ನೆಲೆಯಲ್ಲಿ ಅವರು ನಮ್ಮವರೆಂದು ಹೇಳಿಕೊಳ್ಳುವುದು ಸಲ್ಲದು. ಅಂದಿನ ಸಮಾಜ ಅಸ್ಪೃಶ್ಯವೆಂದು ದೂರವಿಟ್ಟಿದ್ದ, ಚರ್ಮದ ಕಸುಬಿನ ಸಮುದಾಯ ಅವರದು. ಎಳವೆಯಲ್ಲೇ ಕುಟುಂಬದೊಡನೆ ಪುಣೆ ಸೇರಿದ ಬಾಲೂ, ಮೊದಲು ಪಾರ್ಸಿಗಳ ಕ್ರಿಕೆಟ್ ಕ್ಲಬ್ಬೊಂದರಲ್ಲಿ ಪಿಚ್ಚು ಗುಡಿಸಿ ರೋಲರ್ ಎಳೆಯುವ ಕೆಲಸಕ್ಕೆ ನಿಂತರು. ಸಂಬಳ ತಿಂಗಳಿಗೆ 3 ರೂಪಾಯಿ. ಅನಂತರ ಐರೋಪ್ಯರ ಪೂನಾ ಕ್ಲಬ್ಬಿನಲ್ಲಿ ಕೆಲಸ ದೊರೆಯಿತು. ಅಂಥ ಕ್ಲಬ್ಬುಗಳ ವಾತಾವರಣವನ್ನು ಊಹಿಸಿಕೊಳ್ಳುವುದು ನಮಗೆ ಕಷ್ಟವಲ್ಲ. ನಾವು ನಿತ್ಯ ಹಾದುಹೋಗುವ ಟಾಲಿಗಂಜ್ ಕ್ಲಬ್ಬು ಕೂಡ ಹುಟ್ಟಿದ್ದು ಅದೇ ಕಾಲದಲ್ಲಿ, 1895ರಲ್ಲಿ. ಸಾಹೇಬರು ಆಡುವ ಮೈದಾನಕ್ಕೆ ಭಾರತೀಯರ ಪ್ರವೇಶ ಬಹುಮಟ್ಟಿಗೆ ಚಾಕರಿಯ ಬಾಗಿಲಿನಿಂದಲೇ ಆಗುತ್ತಿದ್ದ ದಿನಗಳವು.

ಪೂನಾ ಕ್ಲಬ್ಬಿನ ಹೆಸರಾಂತ ಬ್ಯಾಟುಗಾರ ಕ್ಯಾಪ್ಟನ್ ಗ್ರೇಗ್, ಅಭ್ಯಾಸಕ್ಕಾಗಿ ಈ ಹುಡುಗನಿಂದ ಗಂಟೆಗಟ್ಟಲೆ ಬೌಲಿಂಗ್ ಮಾಡಿಸುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರೆಂಬ ಕಥೆಯೂ ಪ್ರಚಲಿತವಾಗಿದೆ. ಆದರೆ ಆ ನೆಟ್ಟಿನಲ್ಲಿ ಬಾಲೂ ಅವರ ಕೈಗೆ ಬ್ಯಾಟು ಸಿಗಲಿಲ್ಲ. ಬೌಲಿಂಗ್ ಸೇವಕರ ದುಡಿಮೆ, ಬ್ಯಾಟಿಂಗ್ ಒಡೆಯರ ವಿನೋದ ಎಂಬುದು ಅಂದಿನ ನಂಬಿಕೆಯಾಗಿತ್ತು. ಆ ದುಡಿಮೆಯಲ್ಲೇ ಅವರ ಎಡಗೈ ಸ್ಪಿನ್ ಹದಗೊಂಡಿತು.

ಪುಣೆಯ ಹಿಂದೂ ಕ್ಲಬ್ಬಿಗೆ ಸಾಹೇಬರನ್ನು ಸೋಲಿಸುವ ಹಂಬಲವಿತ್ತು. ಬಾಲೂ ಅವರನ್ನು ಸೇರಿಸಿಕೊಳ್ಳಬೇಕೇ ಬೇಡವೇ ಎಂದು ಸದಸ್ಯರಲ್ಲಿ ಬಿಸಿಬಿಸಿ ಚರ್ಚೆ ನಡೆದು, ಕೊನೆಗೆ ಆಟದ ಆಸೆಯೇ ಗೆದ್ದಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾ ವಿರಾಮದಲ್ಲಿ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಲಾಗುತ್ತಿತ್ತು. ಕೋಲ್ಕತ್ತದ ಬೀದಿಗಳಲ್ಲಿ ನಾವೆಲ್ಲರೂ ಭೇದವಿಲ್ಲದೆ ತುಟಿಗಿಡುವ ಅದೇ ಕುಡಿಕೆ, ಅಲ್ಲಿ ಒಬ್ಬ ಮನುಷ್ಯನನ್ನು ಬೇರೆಯಾಗಿಡುವ ಗುರುತಾಗಿತ್ತು.

ಪ್ಲೇಗಿನ ಪಿಡುಗಿನ ಕಾಲದಲ್ಲಿ ಮುಂಬಯಿಗೆ ತೆರಳಿದ ಬಾಲೂ ಅಲ್ಲಿನ ಹಿಂದೂ ಪಂಗಡದ ಆಧಾರಸ್ತಂಭವಾದರು. 1906ರ ಫೆಬ್ರವರಿಯಲ್ಲಿ ಹಿಂದೂಗಳು ಐರೋಪ್ಯರನ್ನು 109 ರನ್ನುಗಳಿಂದ ಸೋಲಿಸಿದಾಗ, 8 ವಿಕೆಟ್ಟುಗಳು ಅವರ ಪಾಲಿನವು. ಬಂಗಾಳದಲ್ಲಿ ಸ್ವದೇಶಿ ಚಳವಳಿ ಕಾವೇರಿದ್ದ ಆ ದಿನಗಳಲ್ಲಿ ಈ ಗೆಲುವು ಆಟದ ಗೆಲುವಷ್ಟೇ ಆಗಿರಲಿಲ್ಲ. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಸೋತದ್ದೇ ಹೆಚ್ಚು. ಆದರೂ ಬಾಲೂ ಆ ಪ್ರವಾಸದಲ್ಲಿ 18.84ರ ಸರಾಸರಿಯಲ್ಲಿ 114 ವಿಕೆಟ್ ಪಡೆದರು. ಅದೇ ಬೇಸಿಗೆಯಲ್ಲಿ, ಜುಲೈ 29ರಂದು, ಬರಿಗಾಲಿನ ಮೋಹನ್ ಬಾಗಾನ್ ಆಟಗಾರರು ಈ ನಗರದಲ್ಲಿ ಐಎಫ್‌ಎ ಶೀಲ್ಡ್ ಗೆದ್ದದ್ದನ್ನು ಇಲ್ಲಿ ನೆನೆಯದಿರಲಾಗದು.

ಇಂಗ್ಲೆಂಡಿನಿಂದ ಮರಳಿದ ಬಾಲೂ ಅವರಿಗೆ ಮುಂಬಯಿಯ ದಲಿತರು ಸನ್ಮಾನ ಏರ್ಪಡಿಸಿದರು. ಆ ಸಭೆಯ ಅಭಿನಂದನಪತ್ರದ ಹಿಂದೆ ಇಪ್ಪತ್ತರ ಹರೆಯದ ವಿದ್ಯಾರ್ಥಿ ಭೀಮರಾವ್ ಅಂಬೇಡ್ಕರ್ ಇದ್ದರೆಂದು ಇತಿಹಾಸಕಾರ ರಾಮಚಂದ್ರ ಗುಹಾ ಬರೆದಿದ್ದಾರೆ. ಮುಂದಿನ ದಿನಗಳ ಹಿನ್ನೆಲೆಯಲ್ಲಿ ಈ ಸಂಗತಿಗೆ ಬಹಳ ಅರ್ಥವಿದೆ.

ಇಷ್ಟು ಕೀರ್ತಿ ಬಂದರೂ ಹಿಂದೂ ತಂಡದ ನಾಯಕತ್ವ ಬಾಲೂ ಅವರಿಗೆ ಎಂದೂ ದಕ್ಕಲಿಲ್ಲ. ಅವರು ಬೌಲ್ ಮಾಡಬಹುದಿತ್ತು, ಗೆಲ್ಲಿಸಬಹುದಿತ್ತು. ಮೇಲ್ಜಾತಿಯ ಆಟಗಾರರಿಗೆ ಆಜ್ಞೆ ಮಾಡುವಂತಿರಲಿಲ್ಲ. ಆ ಗೌರವ ಬಾಲೂ ಅವರಿಗೆ ಸಲ್ಲಬೇಕಿತ್ತೆಂದು ನಾಯಕ ಎಂ.ಡಿ. ಪೈ ಅವರೇ ಬಹಿರಂಗವಾಗಿ ಹೇಳಿದ್ದು ಅವರ ದೊಡ್ಡತನ. 1920ರಲ್ಲಿ ಬಾಲೂ ಅವರನ್ನು ಕೈಬಿಟ್ಟು, ಅವರ ಸೋದರ ವಿಠ್ಠಲರನ್ನು ನಾಯಕತ್ವಕ್ಕೆ ಪರಿಗಣಿಸದೆ ಹೋದಾಗ ಸೋದರರು ಪ್ರತಿಭಟಿಸಿ ತಂಡದಿಂದ ದೂರ ಉಳಿದರು. ಮುಂದಿನ ಪಂದ್ಯಕ್ಕೆ ಅವರನ್ನು ಮತ್ತೆ ಕರೆಯಲಾಯಿತು, ಬಾಲೂ ಉಪನಾಯಕರಾದರು. ನಾಯಕ ಪೈ ಸ್ವಲ್ಪ ಹೊತ್ತು ಮೈದಾನದಿಂದ ಹೊರಗುಳಿದು, ತಂಡವನ್ನು ನಡೆಸುವ ಅವಕಾಶವನ್ನು ಅವರಿಗೆ ಒದಗಿಸಿದರು. 1923ರಲ್ಲಿ ವಿಠ್ಠಲ್ ನಾಯಕರಾದರು. ಅಷ್ಟರಲ್ಲಿ ಅಣ್ಣನ ಆಟದ ದಿನಗಳು ಮುಗಿದಿದ್ದವು. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್ ಅವರ ಸಾಧನೆ.

ಬಾಲೂ ರಾಜಕೀಯಕ್ಕೆ ಬಂದದ್ದು ಆ ಬಳಿಕ. 1932ರ ಆಗಸ್ಟಿನಲ್ಲಿ ಬ್ರಿಟಿಷ್ ಸರ್ಕಾರ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಘೋಷಿಸಿತು. ಅಂಬೇಡ್ಕರರು ಅದನ್ನು ಹಕ್ಕೆಂದು ಕಂಡರು. ಗಾಂಧೀಜಿ ಅದರ ವಿರುದ್ಧ ಸೆಪ್ಟೆಂಬರ್ 20ರಂದು ಯೆರವಡಾ ಸೆರೆಮನೆಯಲ್ಲಿ ಉಪವಾಸಕ್ಕೆ ಕುಳಿತರು. ಬಾಲೂ ಗಾಂಧೀಜಿಯವರ ಪಕ್ಷ ವಹಿಸಿ, ಮದ್ರಾಸಿನ ಎಂ.ಸಿ. ರಾಜಾ ಅವರೊಡನೆ ಸಂಧಾನದಲ್ಲಿ ತೊಡಗಿದರು. ಸೆಪ್ಟೆಂಬರ್ 24ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಪ್ರತ್ಯೇಕ ಮತಕ್ಷೇತ್ರಗಳು ಹೋಗಿ, ಪ್ರಾಂತೀಯ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನಗಳು ಬಂದವು; ಅವುಗಳಲ್ಲಿ 30 ಬಂಗಾಳದವು. 1935ರಲ್ಲಿ ಅಂಬೇಡ್ಕರರು ಹಿಂದೂ ಧರ್ಮ ತೊರೆಯುವುದಾಗಿ ಸಾರಿದಾಗ ಬಾಲೂ ಅದನ್ನು ಬಲವಾಗಿ ವಿರೋಧಿಸಿದರು. 1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರರ ವಿರುದ್ಧವೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245, ಬಾಲೂ ಅವರಿಗೆ 11,225 ಮತಗಳು ಬಂದವು. ಒಂದು ಕಾಲದಲ್ಲಿ ತನ್ನ ಸನ್ಮಾನಕ್ಕೆ ನಿಂತ ತರುಣನಿಗೆ ಹಿರಿಯ ಆಟಗಾರ ಸೋತರು.

ಈ ನಿಲುವಿಗಾಗಿ ಬಾಲೂ ಅವರನ್ನು ಮೇಲ್ಜಾತಿಯವರ ಕೈಗೊಂಬೆಯೆಂದು ಕರೆಯುವುದು ಸುಲಭ, ಆದರೆ ಅನ್ಯಾಯ. ಕೂಡಿ ಆಡುವುದರಿಂದ ಕೂಡಿ ಬಾಳುವುದೂ ಸಾಧ್ಯವೆಂದು ಅವರು ನಂಬಿದ್ದರೆ, ಆ ನಂಬಿಕೆಗೆ ಅವರ ಬದುಕಿನಲ್ಲಿ ಆಧಾರವಿತ್ತು. ಪೆವಿಲಿಯನ್ನಿನ ಹೊರಗಿದ್ದವನು ಉಪನಾಯಕನಾದದ್ದು, ತಮ್ಮ ನಾಯಕನಾದದ್ದು ಸುಳ್ಳಲ್ಲ. ಆದರೆ ಅದೇ ಬದುಕು ಅಂಬೇಡ್ಕರರ ವಾದಕ್ಕೂ ಸಾಕ್ಷಿ ನುಡಿಯುತ್ತದೆ. ಪರರ ಒಳ್ಳೆಯತನವನ್ನು ನೆಚ್ಚಿದವನಿಗೆ ಚೆಂಡು ಸಿಕ್ಕಿತು, ನಾಯಕತ್ವ ಸಿಗಲಿಲ್ಲ. ಸಿಕ್ಕಷ್ಟೂ ಸೋದರರು ಪ್ರತಿಭಟಿಸಿದ ಮೇಲೆ ಸಿಕ್ಕಿತು. ಮತಕ್ಷೇತ್ರ, ಮತಾಂತರಗಳ ವಿಷಯದಲ್ಲಿ ನಮ್ಮ ವಿವೇಕ ಅಂಬೇಡ್ಕರರ ಕಡೆಗೇ ವಾಲುತ್ತದೆ. ಅಂಬೇಡ್ಕರರನ್ನು 1946ರಲ್ಲಿ ಸಂವಿಧಾನ ಸಭೆಗೆ ಮೊದಲು ಆರಿಸಿ ಕಳಿಸಿದ್ದು ನಾವು ನೆಲೆಸಿರುವ ಬಂಗಾಳವೇ ಎಂಬುದು ನಮಗೆ ಹೆಮ್ಮೆಯ ವಿಷಯ.

ಹಾಗಾದರೆ ಬಾಲೂ ಮೆಚ್ಚುಗೆಗೆ ಅರ್ಹರೇ? ನಿಸ್ಸಂದೇಹವಾಗಿ ಅರ್ಹರು ಎಂಬುದೇ ನಮ್ಮ ಉತ್ತರ. ಆದರೆ ಮೆಚ್ಚುಗೆಗೂ ಅನುಸರಣೆಗೂ ಅಂತರವಿದೆ. 114 ವಿಕೆಟ್ಟುಗಳು ಅವರ ರಾಜಕೀಯವನ್ನು ಸರಿಯೆಂದು ಮಾಡುವುದಿಲ್ಲ. ಅವರ ರಾಜಕೀಯ ಆ ವಿಕೆಟ್ಟುಗಳಲ್ಲಿ ಒಂದನ್ನೂ ಅಳಿಸುವುದಿಲ್ಲ. ಅಭಿಮಾನಿಗಳಾದ ನಾವು ಎಡವುವುದು ಎರಡು ಕಡೆ: ವೀರನ ಮಾತೆಲ್ಲ ವೇದವೆಂದು ತಿಳಿದಾಗ, ಇಲ್ಲವೇ ಒಂದು ಮಾತು ಒಪ್ಪದೆ ಅವನ ಇಡೀ ಬಾಳನ್ನು ಮರೆತಾಗ. ಬಾಲೂ ಅವರಿಗೆ ಎರಡನೆಯ ಅನ್ಯಾಯವೇ ಹೆಚ್ಚಾಗಿದೆ.

1955ರ ಜುಲೈನಲ್ಲಿ ಬಾಲೂ ತೀರಿಕೊಂಡರು. ಮಕ್ಕಳಿಗೆ ವಿಶ್ವನಾಥ್, ದ್ರಾವಿಡರ ಕಥೆ ಹೇಳುವ ಹಿರಿಯರು ಧಾರವಾಡದಲ್ಲಿ ಹುಟ್ಟಿದ ಈ ಎಡಗೈ ಬೌಲರನ ಕಥೆಯನ್ನೂ ಹೇಳಲಿ. ಮಣ್ಣಿನ ಕುಡಿಕೆಯನ್ನು ಬಿಡದೆ ಹೇಳಲಿ, 1937ರ ಚುನಾವಣೆಯನ್ನೂ ಬಿಡದೆ ಹೇಳಲಿ. ಇಡೀ ಕಥೆ ಕೇಳಿದ ಮಕ್ಕಳು ಯಾರನ್ನು ಎಷ್ಟು ಮೆಚ್ಚಬೇಕೆಂಬುದನ್ನು ತಾವೇ ನಿರ್ಧರಿಸಬಲ್ಲರು.