ನೀರು ಕೊಟ್ಟ ಮಹನೀಯರು

ಭದ್ರಾವತಿಯವರಾದ ನಮಗೆ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರೆಂದರೆ ಕಬ್ಬಿಣದ ಕಾರ್ಖಾನೆಯೇ ಮೊದಲು ನೆನಪಾಗುತ್ತದೆ. 1923ರಲ್ಲಿ ಅವರು ಅದರ ಆಡಳಿತದ ಹೊಣೆ ಹೊತ್ತರು. ಅದಕ್ಕೂ ಮುಂಚೆಯೇ ಅವರು ಹಲವು ಊರುಗಳಿಗೆ ಶುದ್ಧ ಜಲವನ್ನು ಒದಗಿಸಿದ್ದರು.

ಮುದ್ದೇನಹಳ್ಳಿಯಲ್ಲಿ ಜನಿಸಿದ ಇವರು ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಓದಿದರು. ಎಂಜಿನಿಯರಾದ ಮೇಲೆ ಸಿಂಧೂ ತೀರದ ಸಕ್ಕರ್ ನಗರಕ್ಕೆ ಹೋದರು. ಅಲ್ಲಿ ನೀರು ಸೋಸುವ ತೊಟ್ಟಿಗಳಿಗೆ ಹಣ ಸಾಲದಿರಲು, ನದಿಯ ಪಾತ್ರದಲ್ಲೇ ಬಾವಿ ತೋಡಿಸಿ ಮರಳಿನಿಂದಲೇ ಕೆಸರು ನೀರನ್ನು ಸೋಸಿಸಿದರು.

1908ರಲ್ಲಿ ಮೂಸಿ ನದಿಯ ಪ್ರವಾಹವು ಸಾವಿರಾರು ಜನರನ್ನು ಬಲಿತೆಗೆದುಕೊಂಡು, ಹೈದರಾಬಾದನ್ನು ಯುದ್ಧದಲ್ಲಿ ನೊಂದ ನಗರದಂತೆ ಪಾಳುಗೆಡವಿತು. ನಿಜಾಮರ ಸರ್ಕಾರದ ಕರೆಗೆ ಓಗೊಟ್ಟು ಬಂದ ಇವರು ಮೂಸಿಗೂ ಅದರ ಉಪನದಿಗೂ ಜಲಾಶಯಗಳನ್ನು ಕಟ್ಟಲು ಸೂಚಿಸಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು. ಕೊಂದ ನೀರೇ ಕುಡಿಯುವ ನೀರಾಯಿತು.

1962ರಲ್ಲಿ ಅವರು ದಿವಂಗತರಾದರು. ಭದ್ರೆಯ ದಡದ ನಾವು ನಲ್ಲಿ ತಿರುಗಿಸುವಾಗಲೂ ಅವರನ್ನು ನೆನೆಯುವುದು ಧರ್ಮ.