ಎರಡೇ ಕಲಮುಗಳ ನಡುವೆ

ಹೆಣ್ಣು-ಗಂಡೆಂಬ ಅರಿವನ್ನು ರೂಪಿಸುವುದು ದೇಹವೋ, ಬೆಳೆಸಿದ ಸಮಾಜವೋ? ಫ್ರಾನ್ಸಿನ ಹರ್ಕ್ಯುಲಿನ್ ಬಾರ್ಬಿನ್ ಬದುಕು ಈ ಪ್ರಶ್ನೆಗೆ ಸಿಕ್ಕಿ ನಲುಗಿತು.

1838ರ ನವೆಂಬರ್ 8ರಂದು ಜನಿಸಿದ ಬಾರ್ಬಿನ್, ಹೆಣ್ಣೆಂದೇ ದಾಖಲಾಗಿ, ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿ ಓದಿ, ಬಾಲಕಿಯರ ವಸತಿಶಾಲೆಯಲ್ಲಿ ಶಿಕ್ಷಕಿಯಾದಳು. ಯೌವನದಲ್ಲಿ ಋತುಸ್ರಾವವಾಗಲಿಲ್ಲ, ಮುಖದಲ್ಲಿ ರೋಮ ಮೂಡಿತು. ಸಹಶಿಕ್ಷಕಿಯೊಬ್ಬಳಲ್ಲಿ ಪ್ರೇಮ ಬೆಳೆಯಿತು. ತೊಳಲಾಟ ತಾಳಲಾರದೆ ಬಿಷಪ್ ಬಳಿ ಎಲ್ಲವನ್ನೂ ನಿವೇದಿಸಿಕೊಂಡಾಗ, ಅವರು ವೈದ್ಯಕೀಯ ಪರೀಕ್ಷೆಗೆ ಏರ್ಪಾಡು ಮಾಡಿದರು. ಎರಡೂ ಲಿಂಗಗಳ ಲಕ್ಷಣಗಳಿದ್ದ ದೇಹವನ್ನು ವೈದ್ಯರು ಗಂಡೆಂದು ನಿರ್ಣಯಿಸಿದರು. 1860ರಲ್ಲಿ ನ್ಯಾಯಾಲಯ ದಾಖಲೆಯನ್ನು ತಿದ್ದಿತು. ಹೆಸರು ಅಬೆಲ್ ಎಂದಾಯಿತು.

ದಾಖಲೆ ತಿದ್ದಿದಷ್ಟು ಸುಲಭವಾಗಿ ಇಪ್ಪತ್ತೊಂದು ವರ್ಷಗಳ ಬಾಳನ್ನು ತಿದ್ದಲಾಗಲಿಲ್ಲ. ಉದ್ಯೋಗ, ಪ್ರೇಮ, ಪರಿಚಿತ ಪರಿಸರ ಮೂರನ್ನೂ ಕಳೆದುಕೊಂಡು ಪ್ಯಾರಿಸ್ ಸೇರಿದ ಬಾರ್ಬಿನ್, ಬಡತನ ಮತ್ತು ಒಂಟಿತನದಲ್ಲಿ ಬೆಂದು 1868ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಬಿಟ್ಟುಹೋದ ಆತ್ಮಕಥನವನ್ನು ಚಿಂತಕ ಮಿಷೆಲ್ ಫುಕೋ 1978ರಲ್ಲಿ ಮತ್ತೆ ಬೆಳಕಿಗೆ ತಂದರು.

ನಿಸರ್ಗ ಆ ದೇಹದಲ್ಲಿ ಎರಡನ್ನೂ ಬೆರೆಸಿತ್ತು. ಸಮಾಜ ಆ ಮನಸ್ಸನ್ನು ಹೆಣ್ಣಾಗಿ ಬೆಳೆಸಿತ್ತು. ಸರ್ಕಾರಿ ದಾಖಲೆಯಲ್ಲಿದ್ದುದು ಮಾತ್ರ ಎರಡೇ ಕಲಮು. ನಿಜವಾದ ಲಿಂಗ ಯಾವುದೆಂದು ಶೋಧಿಸಿದವರು, ಆ ಜೀವ ಮುಂದೆ ಬದುಕುವುದು ಹೇಗೆಂದು ಯೋಚಿಸಲಿಲ್ಲ. ಬಾರ್ಬಿನ್ ಜನ್ಮದಿನವನ್ನು ಈಗ ಅಂತರಲಿಂಗಿಗಳ ನೆನಪಿನ ದಿನವಾಗಿ ಆಚರಿಸಲಾಗುತ್ತಿದೆ.