ಶ್ರೀಮತಿ ಬರ್ತಾ ಬೆಂಜ್

ಬರ್ತಾ ಬೆಂಜ್ 1849ರಲ್ಲಿ ಜರ್ಮನಿಯ ಫೋರ್ಟ್ಸ್‌ಹೈಮ್ ನಗರದಲ್ಲಿ ಜನಿಸಿದಳು. ವಿವಾಹಕ್ಕೆ ಮೊದಲೇ ತನ್ನ ಪಾಲಿನ ಧನವನ್ನು ಭಾವೀ ಪತಿ ಕಾರ್ಲ್ ಬೆಂಜನ ಕಾರ್ಖಾನೆಗೆ ವಿನಿಯೋಗಿಸಿದಳು. ಆತನು ನಿರ್ಮಿಸಿ, 1886ರಲ್ಲಿ ಹಕ್ಕುಪತ್ರ ಪಡೆದ ಮೋಟಾರು ಬಂಡಿಯನ್ನು ಜನರು ನಂಬಲಿಲ್ಲ, ಕೊಳ್ಳುವವರೂ ವಿರಳ.

1888ರ ಆಗಸ್ಟಿನ ಒಂದು ಮುಂಜಾನೆ, ಪತಿಗೆ ತಿಳಿಸದೆ, ಆಕೆ ಇಬ್ಬರು ಪುತ್ರರೊಡನೆ ಆ ಬಂಡಿಯಲ್ಲಿಯೇ ಮ್ಯಾನ್‌ಹೈಮಿನಿಂದ ತವರಿಗೆ ಹೊರಟಳು. ರೈನ್ ನದಿಯ ಬಯಲಿನಿಂದ ಕಪ್ಪು ಅರಣ್ಯದ ಅಂಚಿನವರೆಗೆ ಸುಮಾರು 100 ಕಿಲೋಮೀಟರಿನ ದಾರಿ. ಇಂಧನವನ್ನು ಔಷಧದ ಅಂಗಡಿಯಲ್ಲಿ ಕೊಂಡಳು. ಕಟ್ಟಿಕೊಂಡ ನಳಿಗೆಯನ್ನು ಟೋಪಿಯ ಸೂಜಿಯಿಂದ ಬಿಡಿಸಿದಳು. ಸವೆದ ಬ್ರೇಕಿಗೆ ಚರ್ಮ ಹೊದಿಸಿದಳು. ಕಡಿದಾದ ಏರುಗಳಲ್ಲಿ ಬಂಡಿಯನ್ನು ತಳ್ಳಬೇಕಾಯಿತು. ಆದರೂ ಸಂಜೆಗೆ ತವರನ್ನು ಸೇರಿದಳು.

ಆಕೆಯ ಅನುಭವದ ಫಲವಾಗಿ ಬಂಡಿಗೆ ಏರು ಹತ್ತುವ ಗೇರು ಕೂಡಿತು. ಜನರ ಸಂಶಯವೂ ಕರಗತೊಡಗಿತು. 1944ರಲ್ಲಿ, 95ನೆಯ ವಯಸ್ಸಿನಲ್ಲಿ, ಆಕೆ ಕಾಲವಾದಳು. ಆ ದಾರಿಯು ಇಂದು ಆಕೆಯ ಹೆಸರನ್ನೇ ಹೊತ್ತಿದೆ.